ಗದ್ದೆ ಇಲಿ: ಆಮಿಷಕ್ಕಿಂತ ದಾರಿ ಮುಖ್ಯ

ಇಲಿ ಹಿಡಿಯುವ ಸ್ಪ್ರಿಂಗ್ ಬೋನಿಗೆ, ಅಂದರೆ ಕತ್ತರಿಗೆ, ಇಲಿ ಬೀಳದಿದ್ದರೆ ಹೆಚ್ಚಿನವರು ಮೊದಲು ಬದಲಾಯಿಸುವುದು ಆಮಿಷವನ್ನು. ನಾನು ಬದಲಾಯಿಸುವುದು ಜಾಗವನ್ನು. ಕೇರೆಹಾವಾಗಲಿ ಗೂಬೆಯಾಗಲಿ ಇಲಿಗೆ ತಿಂಡಿ ಒಡ್ಡಿ ಕರೆಯುವುದಿಲ್ಲ. ಇಲಿ ಎಲ್ಲಿ ಓಡಾಡುತ್ತದೋ ಅಲ್ಲಿಗೇ ಅವು ಹೋಗುತ್ತವೆ.

ಕೇರೆ ಬಿಲದೊಳಕ್ಕೇ ನುಗ್ಗುತ್ತದೆ. ಅದು ಹೆಬ್ಬಾವಿನ ಹಾಗೆ ಸುತ್ತಿ ಬಿಗಿಯುವ ಹಾವಲ್ಲ. ಬಾಯಲ್ಲಿ ಕಚ್ಚಿ, ನೆಲಕ್ಕೋ ಬಿಲದ ಗೋಡೆಗೋ ಮೈಯಿಂದ ಅದುಮಿ ಹಿಡಿಯುತ್ತದೆ. ಕಣಜ ಗೂಬೆಗೆ ಕಿವಿಯೇ ಆಯುಧ. ಅದರ ಒಂದು ಕಿವಿಯ ತೂತು ಇನ್ನೊಂದಕ್ಕಿಂತ ಮೇಲಿರುತ್ತದೆ. ಹಾಗಾಗಿ ಸದ್ದು ಎಡದ್ದೋ ಬಲದ್ದೋ ಎಂಬುದರ ಜೊತೆಗೆ ಎಷ್ಟು ಕೆಳಗಿನಿಂದ ಬಂತು ಎಂಬುದೂ ಅದಕ್ಕೆ ತಿಳಿಯುತ್ತದೆ. ಜೋರು ಮಳೆಯಲ್ಲಿ ಈ ಕಿವಿ ಕೆಲಸಕ್ಕೆ ಬಾರದು, ಗರಿಯೂ ನೆನೆಯುತ್ತದೆ. ಅದಕ್ಕೇ ಮಳೆಗಾಲದ ಭತ್ತಕ್ಕೆ ನನ್ನ ಭರವಸೆ ಕತ್ತರಿಯ ಮೇಲೆ, ಬೇಸಿಗೆ ಬೆಳೆಗೆ ಗೂಬೆಯ ಮೇಲೆ.

ಮೊದಲು ಇಲಿ ಇರುವ ಬಿಲ ಗೊತ್ತಾಗಬೇಕು. ಸಂಜೆ ಬದುವಿನ ಎಲ್ಲ ಬಿಲಗಳ ಬಾಯಿಗೂ ಹಸಿಮಣ್ಣು ಮೆತ್ತುತ್ತೇನೆ. ಬೆಳಿಗ್ಗೆ ತೆರೆದಿರುವುದಷ್ಟೇ ಲೆಕ್ಕಕ್ಕೆ. ಹೆಗ್ಗಣದ ಬಿಲ ಮಾತ್ರ ಬೇರೆ: ಅದು ಒಳಗಿನಿಂದ ತಾನೇ ಬಾಯಿ ಮುಚ್ಚಿಕೊಳ್ಳುತ್ತದೆ, ಹೊರಗೆ ಹೊಸ ಸಡಿಲ ಮಣ್ಣಿನ ಗುಪ್ಪೆ ಇದ್ದರೆ ಒಳಗೆ ಅದು ಇದೆಯೆಂದೇ ಅರ್ಥ. ಪೈರಿನ ಬುಡ ಓರೆಯಾಗಿ ಕಡಿದಿದ್ದರೆ ಅದೂ ಇಲಿಯ ಗುರುತು.

ನಾನು ಬಳಸುವುದು ಮರದ ಹಲಗೆಯ ಸ್ಪ್ರಿಂಗ್ ಕತ್ತರಿ, ಎಕರೆಗೆ 20. ಇಲಿ ಬಯಲಲ್ಲಿ ಅಡ್ಡಾದಿಡ್ಡಿ ಓಡುವುದಿಲ್ಲ. ಮೀಸೆ, ಮೈಗೂದಲು ಬದುವಿಗೆ ತಾಗಿಸುತ್ತ ಅಂಚಿನಲ್ಲೇ ಸಾಗುತ್ತದೆ. ಆದ್ದರಿಂದ ಕತ್ತರಿಯನ್ನು ಆ ದಾರಿಗೆ ಅಡ್ಡಲಾಗಿ, ಆಮಿಷದ ತುದಿ ಬದುವಿಗೆ ತಾಗುವಂತೆ ಇಡಬೇಕು. ದಾರಿಯ ಉದ್ದಕ್ಕೆ ಇಟ್ಟರೆ ಇಲಿ ಸ್ಪ್ರಿಂಗಿನ ಕಡೆಯಿಂದಲೂ ಬರಬಹುದು. ಆಗ ಕಂಬಿ ಅದನ್ನು ಹಿಡಿಯುವ ಬದಲು ಎತ್ತಿ ಎಸೆಯುತ್ತದೆ, ಇಲ್ಲವೇ ಕಾಲು ಮುರಿಯುತ್ತದೆ. ಒಂದೇಟಿಗೆ ಸಾಯದೆ ನರಳುವುದು ಯಾವ ಪ್ರಾಣಿಗೂ ಬೇಡ.

ಆಮಿಷಕ್ಕೆ ಸುಟ್ಟ ಕೊಬ್ಬರಿ ಚೂರು ಅಥವಾ ಒಣಮೀನು. ದಾರದಿಂದ ಬಿಗಿಯಾಗಿ ಕಟ್ಟಬೇಕು, ಸುಮ್ಮನೆ ಇಟ್ಟರೆ ಮೆಲ್ಲಗೆ ಎತ್ತಿಕೊಂಡು ಹೋಗುತ್ತದೆ. ಹೊಸ ವಸ್ತು ಕಂಡರೆ ಇಲಿಗೆ ಅನುಮಾನ. ಅದಕ್ಕೇ ಮೊದಲ ಎರಡು ರಾತ್ರಿ ಸ್ಪ್ರಿಂಗ್ ಎಳೆಯದೆ ಆಮಿಷ ಮಾತ್ರ ಕಟ್ಟಿಡುತ್ತೇನೆ, ಮೂರನೆಯ ಸಂಜೆ ಎಲ್ಲವನ್ನೂ ಒಟ್ಟಿಗೆ ಎಳೆದಿಡುತ್ತೇನೆ. ಮೇಲೆ ಅಡಿಕೆ ಹಾಳೆಯನ್ನು ಕಮಾನಿನಂತೆ ಬಾಗಿಸಿ ಸಿಕ್ಕಿಸಿದರೆ ಮಳೆ ತಾಗದು. ಹಲಗೆ ನೆಂದು ಉಬ್ಬಿದರೆ ಕೊಕ್ಕೆ ಬಿಗಿಯಾಗಿ, ಪುಟ್ಟ ಇಲಿ ಆಮಿಷ ತಿಂದು ಹೋದರೂ ಕತ್ತರಿ ಬೀಳುವುದಿಲ್ಲ. ಬೇಸಿಗೆಯಲ್ಲೇ ಹಲಗೆಗೆ ಎಣ್ಣೆ ಕುಡಿಸಿಡಿ. ಪ್ರತಿ ಕತ್ತರಿಯನ್ನೂ ತಂತಿಯಿಂದ ಗೂಟಕ್ಕೆ ಕಟ್ಟಿ, ಇಲ್ಲದಿದ್ದರೆ ನರಿ ಎಳೆದೊಯ್ಯುತ್ತದೆ. ಬೆಳಕು ಹರಿಯುವ ಮೊದಲೇ ಸ್ಪ್ರಿಂಗ್ ಬಿಚ್ಚಬೇಕು. ತಡವಾದರೆ ಮೈನಾ, ಅಳಿಲು ಸಿಕ್ಕಿಬೀಳುತ್ತವೆ. ಅಂಟು ಹಲಗೆ ಮಾತ್ರ ಗದ್ದೆಗೆ ತರಲೇಬೇಡಿ, ಅದಕ್ಕೆ ಹಾವೂ ಒಂದೇ ಹಕ್ಕಿಯೂ ಒಂದೇ.

ಇದೆಲ್ಲ ಮುಗಿಯಬೇಕಾದದ್ದು ಪೈರು ತೆಂಡೆ (ಬುಡದಿಂದ ಹೊಸ ಕವಲು) ಒಡೆಯುವ ಹೊತ್ತಿಗೆ. ಹೊಡೆ ಬಂದ ಮೇಲೆ, ಅಂದರೆ ಕಾಂಡದೊಳಗೆ ತೆನೆ ಮೂಡಿ ಉಬ್ಬಿದ ಮೇಲೆ, ಇಲಿ ಮರಿ ಹಾಕಲು ಶುರುಮಾಡುತ್ತದೆ, ಗರ್ಭದ ಅವಧಿ ಸುಮಾರು ಮೂರೇ ವಾರ. ಕಾಳು ಹಾಲು ತುಂಬಿದ ಮೇಲಂತೂ ಸುತ್ತ ಊಟವೇ ಇರುವಾಗ ಕೊಬ್ಬರಿಯನ್ನು ಮೂಸಿಯೂ ನೋಡುವುದಿಲ್ಲ.

ಗೂಬೆಗೆ ಬೇಕಾದದ್ದು ಕೂರಲು ಒಂದು ಕಂಬ. ಪೈರಿಗಿಂತ ಚೆನ್ನಾಗಿ ಎತ್ತರವಿರುವ, 8 ಅಡಿಯ ಗಳು ಸಾಕು. ತುದಿಗೆ ಒಂದೂವರೆ ಅಡಿಯ ಅಡ್ಡಪಟ್ಟಿ, ಕಾಲಿನ ಹಿಡಿತಕ್ಕೆ ಸಿಗುವಷ್ಟು ದಪ್ಪ. ವಿದ್ಯುತ್ ತಂತಿಯಿಂದ ದೂರ ನೆಡಿ. ಬುಡದಲ್ಲಿ ಕೂದಲು, ಎಲುಬು ಸೇರಿದ ಕಪ್ಪು ಉಂಡೆ ಬಿದ್ದಿದ್ದರೆ ಗೂಬೆ ಬರುತ್ತಿದೆ ಎಂದು ತಿಳಿಯಿರಿ. ನುಂಗಿದ್ದರಲ್ಲಿ ಅರಗದ್ದನ್ನು ಅದು ಹೀಗೆ ಉಗುಳುತ್ತದೆ. ಕಂಬ ನೆಟ್ಟ ಗದ್ದೆಗೆ ಬ್ರೋಮಾಡಿಯೋಲೋನ್ ಎಂಬ ಇಲಿವಿಷ ಇಡಬಾರದು. ವಿಷ ತಿಂದ ಇಲಿ ಸಾಯಲು ಕೆಲವು ದಿನ ಬೇಕು, ಮಂಕಾಗಿ ತೆವಳುವ ಅದೇ ಇಲಿ ಗೂಬೆಗೆ ಸುಲಭದ ತುತ್ತು. ಕಾಳು ಕಟ್ಟುತ್ತಿದ್ದಂತೆ ಕಂಬ ಕಿತ್ತುಬಿಡಿ, ಹಗಲು ಅದರ ಮೇಲೆ ಗಿಳಿ ಕೂರುತ್ತದೆ.

ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿಜ್ವರದ ರೋಗಾಣು ಅದರ ಮೂತ್ರದಿಂದ ಕೆಸರಿಗೂ ಸೇರುತ್ತದೆ, ನಮ್ಮ ಕಾಲಿನ ಗಾಯದ ಮೂಲಕ ಒಳಹೊಗುತ್ತದೆ. ರಬ್ಬರ್ ಕೈಗವಸು, ಗಮ್‌ಬೂಟು ಹಾಕಿಕೊಂಡೇ ಕತ್ತರಿ ಬಿಡಿಸಿ, ಇಲಿಯನ್ನು ನೀರಿನ ದಾರಿಯಿಂದ ದೂರ ಹೂಳಿ.