ಕೇಂಬ್ರಿಜ್‌ನಲ್ಲಿ ದೂರು: ಯಾರಿಗೆ ಕೊಡಬೇಕು, ಹೇಗೆ ಕೊಡಬೇಕು?

ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂದು ನೆಲೆಸಿದ ನಮ್ಮವರು ಮನೆ ಮುಂದೆ ಗುಂಡಿ ಬಿದ್ದರೆ ಸಂಸದರಿಗೆ ಪತ್ರ ಬರೆಯುತ್ತಾರೆ, ವೀಸಾ ತಡವಾದರೆ ಕೌನ್ಸಿಲ್ಲಿನ, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಯ, ಬಾಗಿಲು ತಟ್ಟುತ್ತಾರೆ. ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರ ಬಂದೊಡನೆ ಕೈಚೆಲ್ಲುತ್ತಾರೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ, ಏಕೆಂದರೆ ಸರಿಯಾದ ಕಡೆ ಕೇಳಿದವರ ಕೆಲಸ ಇಲ್ಲಿ ಆಗುತ್ತದೆ.

ಮೊದಲು ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಭಾರತದ ಪಾಸ್‌ಪೋರ್ಟ್ ಇರುವವರು ಕಾಮನ್‌ವೆಲ್ತ್ ಪ್ರಜೆಗಳಾಗಿ ಸ್ಥಳೀಯ ಚುನಾವಣೆಯಲ್ಲೂ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು. ವಿದ್ಯಾರ್ಥಿ ವೀಸಾದವರಿಗೂ ಈ ಹಕ್ಕು ಇದೆ. ಸರ್ಕಾರದ ಜಾಲತಾಣದಲ್ಲಿ ನೋಂದಣಿ ಉಚಿತ. ಮನೆ ಬದಲಿಸಿದರೆ ಮತ್ತೆ ನೋಂದಾಯಿಸಬೇಕು. ಮತಗಟ್ಟೆಯಲ್ಲಿ ಭಾವಚಿತ್ರವಿರುವ ಗುರುತಿನ ದಾಖಲೆ ಕೇಳುತ್ತಾರೆ, ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಇನ್ನು ಎಲ್ಲರೂ ಎಡವುವ ಹಂತ: ಯಾವ ಕೆಲಸ ಯಾರದು? ಕೇಂಬ್ರಿಜ್‌ನಲ್ಲಿ ಕೌನ್ಸಿಲ್ ಒಂದಲ್ಲ, ಎರಡು. ಸಿಟಿ ಕೌನ್ಸಿಲ್‌ನಲ್ಲಿ 14 ವಾರ್ಡ್‌ಗಳು, ವಾರ್ಡಿಗೆ ಮೂವರಂತೆ 42 ಸದಸ್ಯರು. ಕಪ್ಪು, ನೀಲಿ, ಹಸಿರು ತೊಟ್ಟಿಗಳ ಕಸ, ಬೀದಿ ಗುಡಿಸುವುದು, ಕೌನ್ಸಿಲ್ ಬಾಡಿಗೆಗೆ ಕೊಡುವ ಮನೆಗಳು, ಉದ್ಯಾನಗಳು, ಮನೆ ವಿಸ್ತರಿಸುವ ಅನುಮತಿ ಇವೆಲ್ಲ ಅದರ ಪಾಲಿಗೆ. ರಸ್ತೆ, ಶಾಲೆ, ಗ್ರಂಥಾಲಯ, ವೃದ್ಧರ ಆರೈಕೆ ಕೇಂಬ್ರಿಜ್‌ಶೈರ್ ಕೌಂಟಿ ಕೌನ್ಸಿಲ್‌ನದು (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಪ್ರದೇಶ). ಅಂದರೆ ಒಂದೇ ಬೀದಿಯಲ್ಲಿ ಗುಂಡಿ ಕೌಂಟಿಯದು, ಗುಂಡಿಯ ಪಕ್ಕದ ಕಸ ಸಿಟಿಯದು. ಕೌಂಟಿಯ ಪ್ರಧಾನ ಕಚೇರಿ ಊರಿನಲ್ಲಿಯೂ ಇಲ್ಲ, ಆಲ್ಕನ್‌ಬರಿಯಲ್ಲಿದೆ. ಗೊಂದಲಕ್ಕೆ ಮುಖ್ಯ ಕಾರಣ ತೆರಿಗೆಯ ಬಿಲ್ಲು: ಕೌನ್ಸಿಲ್ ತೆರಿಗೆಯನ್ನು ವಸೂಲು ಮಾಡುವುದು ಸಿಟಿ, ಬಹುಪಾಲು ಹಣ ಹೋಗುವುದು ಕೌಂಟಿಗೆ. ಬಿಲ್ಲಿನ ಮೇಲಿನ ಹೆಸರು ನೋಡಿ ದೂರು ಬರೆಯಬೇಡಿ. ಬಿಲ್ಲಿನೊಳಗೆ ಯಾರ ಪಾಲು ಎಷ್ಟೆಂದು ಸಾಲುಸಾಲಾಗಿ ಬರೆದಿರುತ್ತದೆ, ಅದನ್ನು ಓದಿ.

ಮೇಯರ್ ವಿಷಯದಲ್ಲೂ ಜಾಗ್ರತೆ ಬೇಕು. ಸಿಟಿ ಕೌನ್ಸಿಲ್‌ನ ಕಟ್ಟಡವಾದ ಗಿಲ್ಡ್‌ಹಾಲಿನ ಮೇಯರ್ ಅವರದು ಗೌರವದ ಹುದ್ದೆ, ಆಡಳಿತದ ಅಧಿಕಾರವಿಲ್ಲ. ಬಸ್ಸಿನ ವಿಚಾರ ಕೇಳಬೇಕಾದದ್ದು ಈ ಭಾಗದ ಕೌನ್ಸಿಲ್‌ಗಳು ಒಟ್ಟುಗೂಡಿದ ಕೇಂಬ್ರಿಜ್‌ಶೈರ್ ಮತ್ತು ಪೀಟರ್‌ಬರೊ ಸಂಯುಕ್ತ ಪ್ರಾಧಿಕಾರದ ಮೇಯರ್ ಅವರನ್ನು, ಜನ ನೇರವಾಗಿ ಆರಿಸುವುದು ಅವರನ್ನೇ. ಎರಡು ಹಂತದ ಕೌನ್ಸಿಲ್ ಪದ್ಧತಿಯನ್ನು ಕೊನೆಗೊಳಿಸುವುದಾಗಿ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಶ್ವೇತಪತ್ರ ಹೊರಡಿಸಿದೆ. ಆಗುವಾಗ ಆಗಲಿ, ಇಂದಿನ ಗುಂಡಿಗೆ ಇಂದಿನ ಕಚೇರಿ.

ವೀಸಾ, ಪಿಂಚಣಿ, ಆದಾಯ ತೆರಿಗೆ ಇವು ಸಂಸದರ ಕೆಲಸ. ಊರು ಕೇಂಬ್ರಿಜ್ ಆದ ಮಾತ್ರಕ್ಕೆ ಕ್ಷೇತ್ರವೂ ಕೇಂಬ್ರಿಜ್ ಎನ್ನುವಂತಿಲ್ಲ. ಚೆರ್ರಿ ಹಿಂಟನ್ ಮತ್ತು ಕ್ವೀನ್ ಎಡಿತ್ಸ್ ವಾರ್ಡ್‌ಗಳು ಸೌತ್ ಕೇಂಬ್ರಿಜ್‌ಶೈರ್ ಕ್ಷೇತ್ರದಲ್ಲಿವೆ. ಸಂಸತ್ತಿನ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಸಂಸದರ ಹೆಸರು ಸಿಗುತ್ತದೆ.

ಪತ್ರ ಬರೆಯುವುದು ಸುಲಭ: ಒಂದು ಪತ್ರಕ್ಕೆ ಒಂದೇ ವಿಷಯ, ಮೊದಲ ಸಾಲಿನಲ್ಲೇ ಬೇಡಿಕೆ, ಕೊನೆಯಲ್ಲಿ ಪೂರ್ತಿ ವಿಳಾಸ. ವಿಳಾಸವಿಲ್ಲದಿದ್ದರೆ ಸಂಸದರ ಕಚೇರಿ ಮುಂದುವರಿಯುವುದಿಲ್ಲ, ಏಕೆಂದರೆ ಅವರು ತಮ್ಮ ಕ್ಷೇತ್ರದವರ ವಿಷಯ ಮಾತ್ರ ಎತ್ತಿಕೊಳ್ಳುತ್ತಾರೆ. ಗುಂಡಿಯ ದೂರಿಗೆ ಫೋಟೊದ ಜೊತೆಗೆ ಹತ್ತಿರದ ದೀಪದ ಕಂಬದ ಮೇಲಿನ ಸಂಖ್ಯೆಯನ್ನೂ ಬರೆಯಿರಿ, ಹುಡುಕುವವರಿಗೆ ಅದು ಒಳ್ಳೆಯ ಗುರುತು. ವಾಟ್ಸ್‌ಆ್ಯಪ್‌ನಲ್ಲಿ ಸುತ್ತುವ ಸಿದ್ಧ ಮಾದರಿ ಪತ್ರಗಳನ್ನು ಕಳುಹಿಸಲೇಬೇಡಿ. ನೂರು ಜನ ಕಳುಹಿಸಿದ ಒಂದೇ ಪತ್ರಕ್ಕೆ ಒಂದೇ ಸಿದ್ಧ ಉತ್ತರ ಬರುತ್ತದೆ.

ಕೌನ್ಸಿಲರ್ ಬಳಿಗೆ ಹೋಗುವ ಮೊದಲು ಸಂಬಂಧಪಟ್ಟ ಇಲಾಖೆಗೆ ದೂರು ಕೊಟ್ಟು ಉಲ್ಲೇಖ ಸಂಖ್ಯೆ ಪಡೆಯಿರಿ. ಅದು ಕೈಯಲ್ಲಿದ್ದರೆ ಕೌನ್ಸಿಲರ್ ನೇರವಾಗಿ ಅಧಿಕಾರಿಯನ್ನು ಕೇಳಬಹುದು. ಸಂಸದರು ‘ಸರ್ಜರಿ’ ಎಂಬ ಹೆಸರಿನಲ್ಲಿ ಜನರನ್ನು ಭೇಟಿ ಮಾಡುತ್ತಾರೆ. ವೀಸಾದಂಥ ತೊಡಕಿಗೆ ಇಮೇಲ್‌ಗಿಂತ ಕಾಗದಪತ್ರ ಹಿಡಿದು ಅಲ್ಲಿಗೆ ಹೋಗುವುದೇ ಮೇಲು.

ಇಷ್ಟಾದರೂ ಕೌನ್ಸಿಲ್ ಅಲುಗದಿದ್ದರೆ, ಅದರ ದೂರು ಪ್ರಕ್ರಿಯೆ ಪೂರ್ತಿ ಮುಗಿಸಿ, ತೊಂದರೆ ಗಮನಕ್ಕೆ ಬಂದ 12 ತಿಂಗಳೊಳಗೆ ಸ್ಥಳೀಯ ಆಡಳಿತದ ಒಂಬುಡ್ಸ್‌ಮನ್‌ಗೆ (ಆಡಳಿತದ ಮೇಲಿನ ದೂರುಗಳನ್ನು ಸ್ವತಂತ್ರವಾಗಿ ವಿಚಾರಿಸುವವರು) ನೀವೇ ಅರ್ಜಿ ಹಾಕಬಹುದು. ದೂರು ಕೇಂದ್ರ ಸರ್ಕಾರದ ಇಲಾಖೆಯ ಮೇಲಿದ್ದರೆ ಒಂಬುಡ್ಸ್‌ಮನ್ ಬೇರೆ, ಅಲ್ಲಿಗೆ ಅರ್ಜಿ ಸಂಸದರ ಮೂಲಕವೇ ಹೋಗಬೇಕು.