ಮಜ್ಜಿಗೆ ಕೊಳಗದ ಪಕ್ಕದ ಸೀಟು

ಹುಡುಗ ನಾಲ್ಕು ಪುಟದ ಪತ್ರ ಬರೆದುಕೊಂಡು ಬಂದಿದ್ದ, ಮೊಬೈಲಿನಲ್ಲಿ. ಊಟ ಮುಗಿಸಿ, ಉಳಿದವರು ಹೋಗುವ ತನಕ ಕಾದು, "ಅಕ್ಕಾ, ಇದನ್ನ ಆಕೀಗೆ ಕಳಸ್ಲೇನು?" ಅಂತ ಫೋನ್ ಮುಂದೆ ಹಿಡಿದ. ಓದಿದೆ. ಚಂದ್ರ ಎರಡು ಸಲ ಬಂದಿದ್ದ, ಜನ್ಮ ಮೂರು ಸಲ. "ಆಕಿ ಜೋಡಿ ಎಷ್ಟು ಸಲ ಮಾತಾಡೀಯೋ ತಮ್ಮಾ?" ಅಂದೆ. ತಲೆ ಕೆರೆದುಕೊಂಡ. "ಇನ್ನೂ ಮಾತಾಡಿಲ್ಲಕ್ಕಾ."

ಧಾರವಾಡದ ಸಪ್ತಾಪುರದಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನ ಖಾನಾವಳಿ ನಡೀತಿದೆ. ಸುತ್ತ ಬರೀ ಕೋಚಿಂಗ್ ಸೆಂಟರು, ಪಿಜಿ. ಪಿಎಸ್‌ಐ, ಕೆಎಎಸ್ ಅಂತ ಓದಲು ಬಂದ ಮಕ್ಕಳು ಎರಡು ಹೊತ್ತು ನನ್ನ ಕೈಯ ರೊಟ್ಟಿ ತಿನ್ನುತ್ತಾರೆ. ಅದಕ್ಕೂ ಮೊದಲು ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ಎಂಎ ಮಾಡಿದ್ದೆ. "ರೊಟ್ಟಿ ಬಡಿಯೋಕೆ ಎಂಎ ಯಾಕ ಬೇಕಾಗಿತ್ತು?" ಅಂತ ನಮ್ಮತ್ತೆ ಕೇಳುತ್ತಿದ್ದರು. ಇಂಥ ಹುಡುಗರಿಗೆ ಉತ್ತರ ಕೊಡೋಕೆ, ಅತ್ತೆಮ್ಮಾ.

ಪತ್ರ ಬಿಡಿ. ಮೊದಲು ಸೀಟು ನೋಡಿಕೊಳ್ಳಿ.

ಅಮೆರಿಕದ ಎಂಐಟಿಯಲ್ಲಿ ಮದುವೆಯಾದ ವಿದ್ಯಾರ್ಥಿಗಳಿಗೆ ಅಂತ ವೆಸ್ಟ್‌ಗೇಟ್ ಅನ್ನೋ ವಸತಿ ಇತ್ತು. ಯಾರಿಗೆ ಯಾವ ಮನೆ ಅನ್ನೋದು ಅವರ ಆಯ್ಕೆಯಲ್ಲ, ಖಾಲಿ ಆದ ಹಾಗೆ ಕೊಟ್ಟಿದ್ದು. ಅಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಅಂತ ಲಿಯಾನ್ ಫೆಸ್ಟಿಂಜರ್ ಎಂಬ ಮನಃಶಾಸ್ತ್ರಜ್ಞ ಮತ್ತು ಜೊತೆಗಾರರು ಲೆಕ್ಕ ಹಾಕಿ 1950ರಲ್ಲಿ ಪ್ರಕಟಿಸಿದರು. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರು ಅಂದವರು ನೂರಕ್ಕೆ 41. ಸಾಲಿನ ಆ ತುದಿಯವರನ್ನು ಅಂದವರು ಬರೀ 10. ನಡುವೆ ಇದ್ದದ್ದು ಮೂರು ಬಾಗಿಲು ಅಷ್ಟೇ! ಮೆಟ್ಟಿಲ ಬುಡದ ಮನೆಯವರಿಗೆ ಮಹಡಿ ಮೇಲೂ ಸ್ನೇಹಿತರು ಜಾಸ್ತಿ, ಯಾಕಂದರೆ ಮೇಲಿನವರೆಲ್ಲ ಅವರ ಬಾಗಿಲ ಮುಂದೆಯೇ ಹಾದು ಹೋಗಬೇಕು.

ನನ್ನ ಖಾನಾವಳಿಯಲ್ಲಿ ಆ ಮೆಟ್ಟಿಲ ಬುಡ ಅಂದರೆ ಮಜ್ಜಿಗೆ ಕೊಳಗ. ಒಂದು ಬೇಸಿಗೆಯಲ್ಲಿ ಬಾಗಿಲ ಹತ್ತಿರ ಇದ್ದ ಕೊಳಗವನ್ನು ಕಿಟಕಿ ಮೂಲೆಗೆ ಇಟ್ಟೆ. ಆ ಮೂಲೆಯಲ್ಲಿ ಹಾವೇರಿ ಕಡೆಯ ಒಬ್ಬ ಹುಡುಗ ಕೂರುತ್ತಿದ್ದ. ತಲೆ ಎತ್ತದೆ ಊಟ ಮಾಡಿ ಎದ್ದು ಹೋಗುವವ. ಈಗ ಎಲ್ಲರೂ "ಸೌಟ ಕೊಡ್ರಿ", "ಇನ್ನೊಂದು ಲೋಟ ಹಾಕ್ರಿ" ಅನ್ನಲೇಬೇಕಾಯ್ತು. ತಿಂಗಳು ಕಳೆಯುವುದರೊಳಗೆ ಅವನು ಊರಿಗೆ ಹೋದರೆ "ಮಜ್ಜಿಗಿ ಸಾಹೇಬ್ರು ಎಲ್ಲಿ?" ಅಂತ ಕೇಳುವವರು ಹತ್ತು ಜನ. ಅವನ ಸ್ವಭಾವ ಒಂದು ಕೂದಲೂ ಬದಲಾಗಿರಲಿಲ್ಲ.

ಮಾತು ಕೂಡ ಬೇಡ, ಕಣ್ಣಿಗೆ ಬಿದ್ದರೂ ಸಾಕಾಗುತ್ತದೆ. ಮೋರ್ಲ್ಯಾಂಡ್ ಮತ್ತು ಬೀಚ್ ಎಂಬ ಇಬ್ಬರು 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನಾಲ್ಕು ಹೆಣ್ಣುಮಕ್ಕಳನ್ನು ಕಾಲೇಜು ಕ್ಲಾಸಿಗೆ ಕಳಿಸಿದ್ದರು. ಒಬ್ಬಳು 15 ಸಲ, ಒಬ್ಬಳು 10, ಒಬ್ಬಳು 5, ಇನ್ನೊಬ್ಬಳು ಹೋಗಲೇ ಇಲ್ಲ. ಯಾರ ಜೊತೆಗೂ ಮಾತಾಡುವಂತಿರಲಿಲ್ಲ. ಕೊನೆಗೆ ವಿದ್ಯಾರ್ಥಿಗಳಿಗೆ ಫೋಟೋ ತೋರಿಸಿದರೆ, ಜಾಸ್ತಿ ಸಲ ಬಂದವಳೇ ಜಾಸ್ತಿ ಹಿಡಿಸಿದಳು.

ಹಾಗಂತ ಅವರ ಪಿಜಿ ಕೆಳಗೆ ಬೈಕ್ ನಿಲ್ಲಿಸಿಕೊಂಡು ನಿಲ್ಲಬೇಡಿ. ಇದನ್ನು ಕೆಂಪು ಪೆನ್ನಲ್ಲಿ ಬರೆದುಕೊಳ್ಳಿ. ನಿಮಗೂ ಕೆಲಸ ಇರಬೇಕು, ಅವರಿಗೂ ಕೆಲಸ ಇರಬೇಕು, ಅಂಥ ಜಾಗ ಮಾತ್ರ: ಲೈಬ್ರರಿ, ಕ್ಲಾಸು, ಖಾನಾವಳಿ, ಬೆಳಿಗ್ಗೆ ಕೆಲಗೇರಿ ಕೆರೆಯ ವಾಕಿಂಗು. ಮೊದಲ ನೋಟಕ್ಕೇ ಹಿಡಿಸದವರನ್ನು ಮತ್ತೆ ಮತ್ತೆ ನೋಡಿದರೆ ಇಷ್ಟ ಬೆಳೆಯಲ್ಲ, ಸಿಟ್ಟು ಬೆಳೆಯುತ್ತದೆ. ಅವರು ಊಟದ ಹೊತ್ತು ಬದಲಿಸಿದರೆ, ಸೀಟು ಬದಲಿಸಿದರೆ, ಮೂರು ಸಲ ಒಂದೇ ಪದದ ಉತ್ತರ ಕೊಟ್ಟರೆ ಅದೇ ಉತ್ತರ. ತಾಟು ಎತ್ತಿಟ್ಟು ಹೊರಡಿ. ಅದಕ್ಕೆ ಯಾವ ಸಂಶೋಧನೆಯೂ ಬೇಡ.

ಮಾತು ಶುರುವಾಯ್ತು ಅನ್ನೋಣ. ಇಲ್ಲಿ ಹುಡುಗರು ಎಡವುವುದನ್ನು ದಿನಾ ನೋಡುತ್ತೇನೆ. ಆಕೆ "ನಮ್ಮೂರು ಮುಳಗುಂದ" ಅಂದ ಕೂಡಲೇ ಇವನು "ನಮ್ಮದು ಹಾನಗಲ್ಲು, ನಮ್ಮ ಕಾಕಾ ಅಲ್ಲಿ..." ಅಂತ ಕಾಕಾನ ಕಥೆ ಶುರು ಮಾಡುತ್ತಾನೆ. ಇನ್ನೊಬ್ಬ ಊರು, ಹೆಸರು, ತಂದೆ ಕೆಲಸ ಅಂತ ಠಾಣೆಯಲ್ಲಿ ಕೇಳಿದ ಹಾಗೆ ಕೇಳುತ್ತಾನೆ. (ಪಿಎಸ್‌ಐ ಪರೀಕ್ಷೆಗೆ ಅಭ್ಯಾಸ ಆಗಬಹುದು, ಇರಲಿ.) ಎರಡೂ ಬೇಡ. ಅವರು ಹೇಳಿದ್ದರ ಬಾಲ ಹಿಡಿದು ಮುಂದಿನ ಪ್ರಶ್ನೆ ಕೇಳಿ. ಒಮ್ಮೆ ಒಬ್ಬ ಹುಡುಗಿ ನನ್ನೆದುರೇ "ಅವ್ವನ ಕೈ ರೊಟ್ಟಿ ನೆನಪಾಗ್ತದ" ಅಂದಳು. ನನಗೆ ಉರೀತು, ಅದು ಬೇರೆ ಮಾತು. ಪಕ್ಕದಲ್ಲಿದ್ದವನು "ಅವ್ವ ರೊಟ್ಟಿ ಜೋಡಿ ಏನು ಮಾಡ್ತಾರ?" ಅಂತ ಕೇಳಿದ. ಗುರೆಳ್ಳು ಚಟ್ನಿಯಿಂದ ಶುರುವಾದ ಮಾತು ಅವಳ ಅಪ್ಪ ತೀರಿಕೊಂಡ ವರ್ಷದ ತನಕ ಹೋಯ್ತು. ಅವನು ಮಾತಾಡಿದ್ದು ನಾಲ್ಕು ವಾಕ್ಯ ಇರಬಹುದು. 2017ರಲ್ಲಿ ಹಾರ್ವರ್ಡಿನವರು ಸ್ಪೀಡ್ ಡೇಟಿಂಗಿನ ಮಾತುಕತೆಗಳನ್ನು ನೋಡಿದಾಗಲೂ ಇದೇ ಸಿಕ್ಕಿತು. ಹೀಗೆ ಹೇಳಿದ್ದನ್ನೇ ಹಿಡಿದು ಮುಂದೆ ಕೇಳಿದವರನ್ನು ಎರಡನೇ ಸಲ ಭೇಟಿಯಾಗಲು ಒಪ್ಪಿದವರು ಜಾಸ್ತಿ.

ನಿಮ್ಮದನ್ನೂ ಹೇಳಿ, ಆದರೆ ಸರದಿಯಂತೆ. ಆರ್ಥರ್ ಏರನ್ ಎಂಬ ಮನಃಶಾಸ್ತ್ರಜ್ಞ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರನ್ನು ಜೋಡಿ ಜೋಡಿಯಾಗಿ ಕೂರಿಸಿ 36 ಪ್ರಶ್ನೆ ಕೊಟ್ಟಿದ್ದರು. ಮೂರು ಕಂತು, ಸುಮಾರು 45 ನಿಮಿಷ. ಹಗುರದಿಂದ ಶುರುವಾಗಿ ಆಳಕ್ಕೆ ಇಳಿಯುವ ಪ್ರಶ್ನೆಗಳು, ಇಬ್ಬರೂ ಉತ್ತರಿಸಬೇಕು. ಸುಮ್ನೆ ಹರಟಿದ ಜೋಡಿಗಳಿಗಿಂತ ಇವರು ಹತ್ತಿರವಾದರು. ಪ್ರೀತಿ ಹುಟ್ಟಿಸುವ ಮಂತ್ರ ಅಂತ ಜನ ಇದನ್ನು ಹಬ್ಬಿಸಿದ್ದಾರೆ, ಅದಲ್ಲ. ಇದರಲ್ಲಿ ನೋಡಬೇಕಾದದ್ದು ಇಳಿಯುವ ಕ್ರಮ. ನಮ್ಮ ಹುಡುಗನ ಪತ್ರ ಒಂದನೇ ಪ್ರಶ್ನೆ ಕೇಳುವ ಮೊದಲೇ 36ನೆಯದಕ್ಕೆ ಉತ್ತರ ಬರೆದಂಗಿತ್ತು.

ಮಾತಾಡಿ ಬಂದ ರಾತ್ರಿ "ಏನೇನೋ ಅಂದುಬಿಟ್ಟೆ" ಅಂತ ಹೊರಳಾಡಬೇಡಿ. ಎದುರಿನವರಿಗೆ ನಾವು ಎಷ್ಟು ಹಿಡಿಸಿದ್ದೇವೆ ಅನ್ನೋದನ್ನು ನಾವೆಲ್ಲ ಕಡಿಮೆಯೇ ಅಂದಾಜು ಮಾಡುತ್ತೇವೆ ಅಂತ 2018ರ ಒಂದು ಅಧ್ಯಯನ ತೋರಿಸಿದೆ. ಇನ್ನು, ಹುಬ್ಬಳ್ಳಿಯ ನೃಪತುಂಗ ಬೆಟ್ಟ ಹತ್ತಿಸಿ ಎದೆ ಡವಡವ ಅನ್ನಿಸಿದರೆ ಪ್ರೀತಿ ಆಗುತ್ತಾ ಅಂತ ಒಬ್ಬ ಕೇಳಿದ್ದ. ಕೆನಡಾದ ತೂಗುಸೇತುವೆಯ ಮೇಲೆ ಮಾಡಿ 1974ರಲ್ಲಿ ಪ್ರಕಟಿಸಿದ ಪ್ರಯೋಗ ಎಲ್ಲೋ ಓದಿಕೊಂಡಿದ್ದ: ಭಯಕ್ಕೆ ಎದೆ ಬಡಿದುಕೊಂಡವರಿಗೆ ಅಲ್ಲೇ ಎದುರಾದ ಹೆಣ್ಣು ಹೆಚ್ಚು ಹಿಡಿಸಿದಳು ಅಂತ. ಮೊದಲೇ ಇಷ್ಟ ಇದ್ದರೆ ಡವಡವ ಅದನ್ನು ಹೆಚ್ಚಿಸುತ್ತದೆ, ಇಲ್ಲದಿದ್ದರೆ ಬೇಸರವನ್ನೂ ಹೆಚ್ಚಿಸುತ್ತದೆ. ಬೆಟ್ಟದ ಗಾಳಿ ಚೆನ್ನಾಗಿದೆ, ಹತ್ತಿ ಬನ್ನಿ.

ಮದುವೆಯಾದವರು "ನಮಗೇನು?" ಅನ್ನಬೇಡಿ. ಈ ವಿಷಯದಲ್ಲಿ ದಡ್ಡಿ ನಾನೇ.

ನಮ್ಮವರು ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ದಿನಾ ಬಸ್ಸು. ಒಂದು ಶ್ರಾವಣದ ಸಂಜೆ, ಜಿಟಿಜಿಟಿ ಮಳೆ, ಕೊಡೆ ಮಡಚುತ್ತಲೇ "ಇನ್ಮ್ಯಾಲ ಎರಡನೇ ಅಂಗಡಿ ಲೆಕ್ಕಾನೂ ನನ್ನ ಕೈಯಾಗ ಕೊಟ್ರು" ಅಂದರು. ನಾನು ಹೆಂಚಿನ ಮೇಲೆ ರೊಟ್ಟಿಗೆ ನೀರು ಹಚ್ಚುತ್ತಿದ್ದೆ. ತಿರುಗಲಿಲ್ಲ. "ಹಂಗಾರ ಬರೋದು ಇನ್ನೂ ತಡಾ ಆಗ್ತದ" ಅಂದೆ. ಅವರು ಕಾಲು ತೊಳೆಯಲು ಹೋದರು. ಎರಡು ದಿನ ಆದ ಮೇಲೆ ಉಪ್ಪಿನ ಭರಣಿ ಹಿಂದೆ ಪೇಢೆಯ ಡಬ್ಬಿ ಸಿಕ್ಕಿತು. ಇರುವೆ ಮುತ್ತಿದ್ದವು.

ಶೆಲ್ಲಿ ಗೇಬಲ್ ಎಂಬ ಮನಃಶಾಸ್ತ್ರಜ್ಞೆ 2004ರಲ್ಲಿ ಜೋಡಿಗಳ ಬಗ್ಗೆ ಬರೆದದ್ದನ್ನು ಆಮೇಲೆ ಓದಿದೆ. ಒಳ್ಳೆ ಸುದ್ದಿಗೆ ನಾಲ್ಕು ಥರದ ಉತ್ತರ ಇರುತ್ತವಂತೆ. ಉತ್ಸಾಹದಿಂದ ಕೇಳುವುದು, ಬರೀ "ಛಲೋ ಆತು" ಅನ್ನುವುದು, ಕೇಳದವರ ಹಾಗೆ ವಿಷಯ ಬದಲಿಸುವುದು, ಸುದ್ದಿಯಲ್ಲೇ ಹುಳುಕು ತೆಗೆಯುವುದು. ಸಂಬಂಧ ಚೆನ್ನಾಗಿರುವುದರ ಜೊತೆ ಹೊಂದಿಕೊಂಡು ಬಂದದ್ದು ಮೊದಲನೆಯದೊಂದೇ. "ಛಲೋ ಆತು" ಕೂಡ ಸಾಲದು. ನನ್ನದಂತೂ ನಾಲ್ಕನೆಯದು.

ಈಗ ಹೀಗೆ ಮಾಡುತ್ತೇನೆ. ಒಳ್ಳೆ ಸುದ್ದಿ ಬಂದರೆ ಒಲೆ ಸಣ್ಣ ಮಾಡಿ, ಅವರ ಕಡೆ ತಿರುಗಿ, ಮೂರು ಪ್ರಶ್ನೆ: ಯಾರು ಹೇಳಿದರು, ನೀವೇನಂದಿರಿ, ಉಳಿದವರ ಮುಖ ಹೆಂಗಿತ್ತು? ಮೂರನೆಯದಕ್ಕೆ ನಮ್ಮವರು ಅರ್ಧ ಗಂಟೆ ಮಾತಾಡುತ್ತಾರೆ. ತಡ ಆಗುವುದು, ದುಡ್ಡು, ಬಸ್ಸು, ಅವೆಲ್ಲ ಊಟದ ನಂತರ. ಒಂದೆರಡು ರೊಟ್ಟಿ ಸೀಯುತ್ತವೆ. ಸೀಯಲಿ.

ಜಗಳಕ್ಕೂ ಒಂದು ಉಪಾಯ ಹೇಳಿಬಿಡುತ್ತೇನೆ. ಮನೆಗೆಲಸದಲ್ಲಿ ನಿಮ್ಮ ಪಾಲು ನೂರಕ್ಕೆ ಎಷ್ಟು ಅಂತ ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ, ಕೂಡಿಸಿ. ರಾಸ್ ಮತ್ತು ಸಿಕೋಲಿ ಎಂಬ ಇಬ್ಬರು ಸಂಶೋಧಕರು 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಂಪತಿಗಳನ್ನು ಹೆಚ್ಚುಕಡಿಮೆ ಹೀಗೇ ಕೇಳಿದಾಗ ಮೊತ್ತ ಹೆಚ್ಚಾಗಿ ನೂರು ದಾಟುತ್ತಿತ್ತು. ಸುಳ್ಳು ಹೇಳುವುದರಿಂದ ಅಲ್ಲ, ತಾನು ಮಾಡಿದ ಕೆಲಸ ತನಗೆ ಬೇಗ ನೆನಪಾಗುತ್ತದೆ, ಅಷ್ಟೇ. ನಾನು 80 ಬರೆದೆ, ಅವರು 50. ಒಟ್ಟು 130. ಹೆಚ್ಚಾದ 30 ಎಲ್ಲಿಂದ ಬಂತು ಅಂತ ಕೂತು ಹುಡುಕಿದೆವು. ನಮ್ಮ ಓಣಿಯಲ್ಲಿ ನಳದ ನೀರು ದಿನಾ ಬರಲ್ಲ, ಬಿಟ್ಟ ದಿನ ನಸುಕಿನಲ್ಲೇ ಎದ್ದು ತುಂಬಬೇಕು. ಅಷ್ಟು ವರ್ಷ ಬ್ಯಾರಲ್ಲು ತುಂಬಿದವರು ಅವರು. ನಾನು ಏಳುವ ಹೊತ್ತಿಗೆ ನೀರು ತುಂಬಿರುತ್ತಿತ್ತು. ಯಾರು ತುಂಬಿದರು ಅಂತ ನಾನು ಯೋಚಿಸಿರಲೇ ಇಲ್ಲ.

ಈಗ ನೀರು ಬಿಟ್ಟ ದಿನ ನಾನೂ ಎದ್ದು ಚಹಾ ಇಡುತ್ತೇನೆ. ಬ್ಯಾರಲ್ಲು ತುಂಬುವ ತನಕ ಹಿತ್ತಲ ಕಟ್ಟೆಯ ಮೇಲೆ ಇಬ್ಬರೂ ಕೂರುತ್ತೇವೆ. ಆ ಚಹಾಕ್ಕೆ ನನ್ನ ಪಾಲಿಗೆ ಎರಡು ಅಂಕ ಸೇರಿಸಿಕೊಂಡಿದ್ದೇನೆ. ಅವರು ಇನ್ನೂ ಒಪ್ಪಿಲ್ಲ.