ಪಾತ್ರಗಳ ಜೇಬಿಗೆ ಕೈ ಹಾಕಿ: ನನ್ನ ವಿಮರ್ಶೆಯ ದಾರಿ

ಹೊಸ ಕಾದಂಬರಿಯನ್ನು ವಿಮರ್ಶಿಸುವ ಮುನ್ನ ಅದರೊಳಗಿನ ಖರ್ಚುಗಳನ್ನೆಲ್ಲ ಪಟ್ಟಿ ಮಾಡುತ್ತೇನೆ ಎಂದಾಗ ಹಿರಿಯ ಗೆಳೆಯರೊಬ್ಬರು, ‘ನೀವು ವಿಮರ್ಶಕರೋ, ಗುಮಾಸ್ತರೋ?’ ಎಂದು ನಕ್ಕಿದ್ದರು. ಈಗ ಅವರೇ ತಮ್ಮ ಹಸ್ತಪ್ರತಿ ಕಳಿಸಿ, ‘ಒಮ್ಮೆ ನಿಮ್ಮ ಲೆಕ್ಕಕ್ಕೆ ಹಾಕಿ ನೋಡಿ’ ಎನ್ನುತ್ತಾರೆ.

ಇದು ಕೈಹತ್ತುವ ಮೊದಲು ಬೇರೆ ದಾರಿಗಳಲ್ಲಿ ಸಾಕಷ್ಟು ಅಲೆದಿದ್ದೇನೆ. ಪುಟಪುಟಕ್ಕೂ ಚೀಟಿ ಅಂಟಿಸಿದೆ. ಪುಸ್ತಕ ದಪ್ಪವಾಯಿತೇ ಹೊರತು ಬರಹ ಗಟ್ಟಿಯಾಗಲಿಲ್ಲ. ನವ್ಯೋತ್ತರ, ಬಂಡಾಯ, ಸ್ತ್ರೀವಾದ ಎಂದು ಹಣೆಪಟ್ಟಿ ಹಚ್ಚಿದೆ. ಪಾರಿಭಾಷಿಕ ಪದಗಳನ್ನು ಕಿತ್ತರೆ ಕಥಾಸಾರವಷ್ಟೇ ಉಳಿಯುತ್ತಿತ್ತು. ದುಡ್ಡಿನ ಮಾತಂತೂ ಬೇಡ. ಪುರವಣಿಯ ಒಂದು ವಿಮರ್ಶೆಗೆ ಐನೂರೋ ಏಳುನೂರೋ ಬಂದರೆ ದೊಡ್ಡದು, ಅದೂ ಮೂರು ನಾಲ್ಕು ತಿಂಗಳ ಮೇಲೆ. ಗೌರವ ಪ್ರತಿ ಪಡೆದರೆ ಬಾಯಿ ಕಟ್ಟುತ್ತದೆಂದು ಪುಸ್ತಕವನ್ನು ನಾನೇ ಕೊಳ್ಳುತ್ತೇನೆ. ಮುನ್ನೂರು ರೂಪಾಯಿ ಅಲ್ಲಿಗೇ ಹೋಯಿತು. ಎರಡು ಓದು, ಒಂದು ಬರಹಕ್ಕೆ ಹದಿನೈದಿಪ್ಪತ್ತು ಗಂಟೆ ಹಿಡಿದರೆ ಕೂಲಿ ಎಷ್ಟು ಬಿತ್ತೆಂದು ನೀವೇ ಲೆಕ್ಕ ಹಾಕಿಕೊಳ್ಳಿ. ಬಹುಶಃ ಈ ಕೂಲಿಯ ಲೆಕ್ಕವೇ ನನ್ನನ್ನು ಪಾತ್ರಗಳ ಜೇಬಿಗೆ ಕೈ ಹಾಕುವಂತೆ ಮಾಡಿತು.

ಮೊದಲ ಓದಿನಲ್ಲಿ ಪೆನ್ಸಿಲ್ ಮುಟ್ಟುವುದಿಲ್ಲ. ಎರಡನೆಯದರಲ್ಲಿ ಒಂದೇ ಪಟ್ಟಿ: ಪುಟ, ಖರ್ಚು, ಕೊಟ್ಟವರು, ಆ ಹಣ ಬಂದ ದಾರಿ. ಬಾಡಿಗೆ, ಆಸ್ಪತ್ರೆ, ಮದುವೆ, ಬಸ್ ಟಿಕೆಟ್, ಯಾವುದನ್ನೂ ಬಿಡುವುದಿಲ್ಲ. ಕೊನೆಯ ಕಾಲಂ ಖಾಲಿ ಉಳಿದ ಕಡೆ ಲೇಖಕರು ಏನನ್ನೋ ಹಾರಿಸಿರುತ್ತಾರೆ. ಕೆಲವೊಮ್ಮೆ ಬೇಕೆಂದೇ, ಹೆಚ್ಚು ಸಲ ಸೋಮಾರಿತನದಿಂದ. ಇವೆರಡನ್ನು ಬೇರ್ಪಡಿಸಲು ನಾನು ಯಾವ ಅಧ್ಯಾಯವನ್ನು ಮೊದಲು ನೋಡುತ್ತೇನೆ ಎಂಬುದನ್ನು ಮಾತ್ರ ಹೇಳಲಾರೆ. ಅಷ್ಟಾದರೂ ನನ್ನ ಹತ್ತಿರ ಇರಲಿ.

ಪಟ್ಟಿ ಚೆನ್ನಾಗಿ ಫಲ ಕೊಟ್ಟದ್ದು ಎಲ್ಲರೂ ಹೊಗಳುತ್ತಿದ್ದ ಒಂದು ಕಾದಂಬರಿಯಲ್ಲಿ. ನಾಯಕ ಮೂರನೆಯ ಅಧ್ಯಾಯದಲ್ಲಿ ಕೆಲಸ ಬಿಡುತ್ತಾನೆ. ಆಮೇಲೆ ಎರಡು ವರ್ಷ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕುಳಿತು ಬದುಕಿನ ಅರ್ಥವನ್ನು ಹುಡುಕುತ್ತಾನೆ. ಬಾಡಿಗೆ ಕಟ್ಟುವವರು ಯಾರು? ಊರಿನಲ್ಲಿ ಶಿಕ್ಷಕಿಯಾಗಿರುವ ತಂಗಿಯೊಬ್ಬಳಿದ್ದಾಳೆ. ನೂರಿಪ್ಪತ್ತರ ಆಸುಪಾಸಿನ ಪುಟದಲ್ಲಿ ಅವಳ ಕೊರಳು ಬರಿದಾಗಿತ್ತು ಎಂಬ ಒಂದು ವಾಕ್ಯವಿದೆ, ಅಷ್ಟೇ. ಅವಳ ಸರ ಗಿರವಿಗೆ ಹೋಗಿ ಇವನ ವೈರಾಗ್ಯವನ್ನು ಸಾಕಿತು ಎಂದು ಬರೆದೆ. ಕೃತಿಗೆ ಇದು ಗೊತ್ತಿದೆ, ನಾಯಕನಿಗೆ ಗೊತ್ತಿಲ್ಲ, ಲೇಖಕರ ಬಗ್ಗೆ ಅನುಮಾನ ಎಂದೂ ಸೇರಿಸಿದೆ. ಸಂಪಾದಕರು ‘ಇದೆಂಥ ವಿಮರ್ಶೆ’ ಎಂದು ಗೊಣಗುತ್ತಲೇ ಅಚ್ಚು ಹಾಕಿದರು. ಎರಡನೆಯ ಮುದ್ರಣದಲ್ಲಿ ತಂಗಿಗೆ ಒಂದು ಅಧ್ಯಾಯವೇ ಸಿಕ್ಕಿತು. ಕೃತಜ್ಞತೆಯ ಪುಟದಲ್ಲಿ ನನ್ನ ಹೆಸರಿಲ್ಲ, ಹೋಗಲಿ.

ಗಟ್ಟಿ ಕೃತಿ ಈ ಪಟ್ಟಿಗೆ ಹೆದರುವುದಿಲ್ಲ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿ (2013) ಇಡೀ ಮನೆಯನ್ನು ಸಾಕುವುದು ಚಿಕ್ಕಪ್ಪನ ಮಸಾಲೆ ವ್ಯಾಪಾರ. ನಿರೂಪಕನಿಗೆ ದುಡಿಮೆಯಿಲ್ಲ, ಹೆಸರೂ ಇಲ್ಲ. ‘ಕೊಟ್ಟವರು’ ಕಾಲಂನಲ್ಲಿ ಚಿಕ್ಕಪ್ಪ, ಚಿಕ್ಕಪ್ಪ ಎಂದೇ ಬರೆಯುತ್ತಾ ಹೋದಂತೆ, ಆ ಮನೆಯವರು ಚಿಕ್ಕಪ್ಪನನ್ನು ಅಷ್ಟು ಜೋಪಾನವಾಗಿ ಕಾಯುವುದೇಕೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ. ಕುತೂಹಲಕ್ಕೆ ಹಳೆಯದರ ಮೇಲೂ ಪ್ರಯೋಗಿಸಿದೆ. ‘ಗೃಹಭಂಗ’ದ ನಂಜಮ್ಮ ಮುತ್ತುಗದ ಎಲೆ ಹಚ್ಚಿ, ಗಂಡನ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆದು ಸಂಸಾರ ತೂಗಿಸುತ್ತಾಳೆ, ಅಲ್ಲಿ ಖಾಲಿ ಕಾಲಂ ಹುಡುಕುವುದೇ ಕಷ್ಟ. ‘ಚೋಮನ ದುಡಿ’ಯಲ್ಲಿ (1933) ಮಕ್ಕಳನ್ನು ಕಾಫಿ ತೋಟಕ್ಕೆ ಎಳೆದೊಯ್ಯುವುದೇ ಸಾಲ. ಕನಸು, ಪುರಾಣಗಳಲ್ಲೇ ಓಡಾಡುವ ಕೃತಿಗಳಲ್ಲಿ ಮಾತ್ರ ಈ ಪಟ್ಟಿ ಕೆಲಸಕ್ಕೆ ಬಾರದು. ಅವುಗಳಿಗೆ ಬೇರೆ ಪಟ್ಟಿಯಿದೆ, ಅದನ್ನು ಇನ್ನೊಮ್ಮೆ ನೋಡೋಣ.

ಸದ್ಯ ಮೊಬೈಲ್ ಕರೆಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೇನೆ. ಐದಾರು ಹೊಸ ಕಾದಂಬರಿಗಳಲ್ಲಿ ನೋಡಿದೆ. ಅರ್ಧದಷ್ಟರಲ್ಲಿ ನಿರ್ಣಾಯಕ ಗಳಿಗೆಗೇ ಸರಿಯಾಗಿ ಬ್ಯಾಟರಿ ಮುಗಿಯುತ್ತದೆ, ಇಲ್ಲವೇ ಸಿಗ್ನಲ್ ಹೋಗುತ್ತದೆ. ಮಲೆನಾಡಿನ ಕಥೆಯಾದರೆ ಒಪ್ಪುತ್ತೇನೆ. ಜಯನಗರದ ಮನೆಯ ಹಜಾರದಲ್ಲೂ ಸಿಗ್ನಲ್ ಇಲ್ಲವೆಂದರೆ ಲೇಖಕರನ್ನೇ ಕೇಳಬೇಕಾಗುತ್ತದೆ.